ಸುಣ್ಣ ಹೊಡೆದ ಗಾಜು

೨ ಫೆಬ್ರುವರಿ ೧೯೯೭, ಭಾನುವಾರ

ಶೇವಿಂಗ್ ಮುಗಿಯಿತು. ತಿಂಡಿಯ ಸುಳಿವಿಲ್ಲ. ವಿಮಲಾಕ್ಷಿ ಹಿತ್ತಲಲ್ಲಿ, ಕಾಂಪೌಂಡಿನ ಆಚೆ ಹಿಂದಿನ ಮನೆಯ ಖುರ್ಷೀದಾ. ಇವಳು ರೊಟ್ಟಿ ಬಡಿಯುವ ಸದ್ದು ಕೇಳಿದರೆ ಸಾಕು, ಆಕೆ ಹಾಜರು. ರೊಟ್ಟಿ ಆ ಕಡೆಗೆ, ಪುದೀನ ಈ ಕಡೆಗೆ. ಆಮೇಲೆ ಅರ್ಧ ಗಂಟೆ ನಗು. ಕಮ್ಮನಹಳ್ಳಿಗೆ ಬಂದು ಹನ್ನೊಂದು ವರ್ಷ, ದಿನವೂ ಇದೇ. ಏನು ಅಷ್ಟು ನಗು ಎಂದರೆ "ಏನಿಲ್ಲ ಬಿಡ್ರಿ" ಅನ್ನುತ್ತಾಳೆ.

ಅಡುಗೆಮನೆ ಕತ್ತಲು ಎಂದು ಗೊಣಗಿದ್ದು ಅವಳೇ. ಇವತ್ತು ಕೂತು ಡ್ರಾಯಿಂಗ್ ಹಾಕಿದೆ. ಹಿತ್ತಲನ್ನೂ ಸೇರಿಸಿಕೊಂಡು ಕಾಂಪೌಂಡಿನವರೆಗೆ ಅಡುಗೆಮನೆ, ಮೇಲೆ ಗಾಜಿನ ಚಾವಣಿ. ಇಪ್ಪತ್ತು ವರ್ಷ ಫ್ಯಾಕ್ಟರಿ ಶೆಡ್ಡುಗಳನ್ನು ಬರೆದವನು, ಸ್ವಂತ ಮನೆಗೆ ಒಂದು ಬರೆಯಬಾರದೇ? ತೋರಿಸಿದೆ.

"ಗಾಜ್ಯಾಕ್ರಿ? ಒಂದು ಕಿಡಕಿ ದೊಡ್ಡದು ಮಾಡಿದ್ರ ಆತು. ಹಿತ್ತಲ ಹಂಗ ಇರ್ಲಿ."

ಸಂಕೋಚ. ಅವಳದು ಯಾವಾಗಲೂ ಹೀಗೆಯೇ.

೮ ಮಾರ್ಚ್

ನಿನ್ನೆ ಶಿವರಾತ್ರಿ. ಉಪವಾಸಕ್ಕೆಂದು ಖುರ್ಷೀದಾ ಕರ್ಬೂಜ ಕೊಟ್ಟಳು, ಎದೆಮಟ್ಟ ಎದ್ದಿದ್ದ ಹೊಸ ಗೋಡೆಯ ಮೇಲಿಂದ. ಇವತ್ತು ಗೋಡೆ ತಲೆಮಟ್ಟ ದಾಟಿತು. ಮೇಸ್ತ್ರಿ ಮುನಿವೆಂಕಟಪ್ಪ ಕರಣೆ ಹಿಡಿದುಕೊಂಡೇ ಬಂದ.

"ಸಾರ್, ಇಲ್ಲೊಂದ್ ಕಿಟಕಿ ಬಿಡ್ಲಾ? ಅಮ್ಮೋರು ಎರಡ್ ಸಲ ಹೇಳಿದ್ರು."

ಮೇಲಿಂದ ಅಷ್ಟು ಬೆಳಕು ಸುರಿಯುವಾಗ ಕಿಟಕಿ ಯಾಕೆ? ಬೇಡ ಎಂದೆ.

ಗೋಡೆಯಾಚೆಯಿಂದ ಖುರ್ಷೀದಾಳ ದನಿ: "ಅಕ್ಕಾ, ಇನ್ಮೇಲೆ ಪುದೀನ ಪೋಸ್ಟಲ್ಲಿ ಕಳಿಸ್ಬೇಕಾ?"

ನನಗೇ ನಗು ಬಂತು. ವಿಮಲಾಕ್ಷಿ ನಗಲಿಲ್ಲ.

೮ ಏಪ್ರಿಲ್, ಯುಗಾದಿ

ಹೊಸ ಅಡುಗೆಮನೆಯಲ್ಲಿ ಹೋಳಿಗೆ. ಏನು ಬೆಳಕು! ಕಣಕದ ಮೇಲಿನ ಎಣ್ಣೆ ಹೊಳೆಯುವುದೂ ಕಾಣುತ್ತದೆ. ಶಿವಾಜಿನಗರದಿಂದ ನಾನೇ ಆರಿಸಿ ತಂದ ಗಾಜು, ಒಳಗೆ ಸಣ್ಣ ತಂತಿಯ ಬಲೆ, ಕಲ್ಲು ಬಿದ್ದರೂ ಚೂರಾಗಿ ಉದುರುವುದಿಲ್ಲ. ಆಫೀಸಿನವರು ಬಂದು ನೋಡಿದರು. ಇಂದಿರಾನಗರದ ಬಂಗಲೆಗಳಲ್ಲೂ ಇಂಥದ್ದಿಲ್ಲ ಎಂದರು. ಉಬ್ಬಿಹೋದೆ.

ವಿಮಲಾಕ್ಷಿ, "ಛಲೋ ಆಗೇತ್ರಿ." ಅಷ್ಟೇ.

ಹಿಂದಿನ ರಸ್ತೆಗೆ ಸುತ್ತಿಕೊಂಡು ಹೋಗಿ ಖುರ್ಷೀದಾಗೆ ಹೋಳಿಗೆ ಕೊಟ್ಟು ಬಾ ಎಂದೆ. ತಲೆ ಅಲ್ಲಾಡಿಸಿದಳು.

"ಅಕಿ ಮನಿ ಮುಂದಿನ ಬಾಗ್ಲಾ ನಾ ನೋಡೇ ಇಲ್ರಿ. ಅಕಿ ನಮ್ಮದೂ ನೋಡಿಲ್ಲ. ಯಾರರ ಬಾಗ್ಲಾ ತಗದ್ರ ನಾ ಏನಂತ ಹೇಳ್ಲಿ?"

೧೯ ಏಪ್ರಿಲ್

ದಾರಿ ಹುಡುಕಿಕೊಂಡಿದ್ದಾರೆ! ಖುರ್ಷೀದಾ ತನ್ನ ಮನೆಯ ಟೆರೇಸಿನಿಂದ ಬಗ್ಗಿ, ಬಟ್ಟೆ ಒಣಹಾಕುವ ಕೋಲಿನಿಂದ ಗಾಜಿಗೆ ಟಕ್ ಟಕ್. ಇವಳು ರೊಟ್ಟಿ ಎತ್ತಿ ತೋರಿಸುತ್ತಾಳೆ. ಆಕೆ ಹೊಟ್ಟೆ ಸವರಿಕೊಳ್ಳುತ್ತಾಳೆ. ಮಾತು ಒಂದೂ ಕೇಳಿಸುವುದಿಲ್ಲ, ಆದರೂ ಇಬ್ಬರಿಗೂ ನಗು.

ಬಾಗಿಲಲ್ಲಿ ನಿಂತೇ ಇದ್ದೆ. ನನ್ನ ಕಡೆ ತಿರುಗಲಿಲ್ಲ. ಗಾಜು ಹಾಕಿಸಿದ್ದು ನಾನು…

೪ ಮೇ, ಭಾನುವಾರ

ವಿಮಲಾಕ್ಷಿ ನಿನ್ನೆ ಗದಗಿಗೆ ಹೋದಳು. ಅಣ್ಣನ ಮಗಳ ಮದುವೆ. ಬರುವುದು ಇಪ್ಪತ್ತಕ್ಕೆ.

ಮಧ್ಯಾಹ್ನ ಅಡುಗೆಮನೆ ಕಾದ ಹಂಚು. ಫ್ಯಾಕ್ಟರಿ ಶೆಡ್ಡಿನ ಗಾಜಿಗೆ ಬೇಸಿಗೆಯಲ್ಲಿ ಸುಣ್ಣ ಹೊಡೆಯುತ್ತೇವೆ, ಮಳೆಗೆ ತೊಳೆದುಹೋಗುತ್ತದೆ. ನಾನು ಅಂಟು ಬೆರೆಸಿ ಹೊಡೆದೆ, ಹೋಗದ ಹಾಗೆ. ಎರಡು ಕೋಟ್. ಬಂದವಳಿಗೆ ತಂಪಾಗಿರುತ್ತದೆ.

೭ ಮೇ, ಬೆಳಿಗ್ಗೆ ೭

ಕಾಫಿ ಕಾಯಿಸುವಾಗ ಮೇಲೆ ಟಕ್ ಟಕ್. ಕಾಗೆ ಇರಬೇಕು.

೮ ಮೇ

ಮತ್ತೆ ಕಾಗೆ.

೯ ಮೇ

ಕಾಗೆ. ಬಹಳ ಹೊತ್ತು.

೨೧ ಮೇ

ನಿನ್ನೆ ಸಂಜೆ ವಿಮಲಾಕ್ಷಿ ಬಂದಳು. ಬ್ಯಾಗು ಇಳಿಸದೆ ಅಡುಗೆಮನೆಗೆ ಹೋದಳು, ಮೇಲೆ ನೋಡಿದಳು.

"ಕೇಳಬಹುದಿತ್ತಲ್ರಿ ನನ್ನ."

ಜಗಳವಾಡಿದ್ದರೆ ಉತ್ತರ ಕೊಡುತ್ತಿದ್ದೆ. ಆಡಲಿಲ್ಲ. ಇವತ್ತು ಬೆಳಿಗ್ಗೆ ಬೇಕೆಂದೇ ಜೋರಾಗಿ ರೊಟ್ಟಿ ಬಡಿದಳು. ಕೈ ನಿಲ್ಲಿಸಿ ಕಾದಳು. ಮತ್ತೆ ಬಡಿದಳು. ಮೇಲಿಂದ ಸದ್ದಿಲ್ಲ.

೨೫ ಮೇ, ಭಾನುವಾರ

ಐದನೇ ದಿನವೂ ಸದ್ದಿಲ್ಲ. ಪೇಪರ್ ತರುತ್ತೇನೆಂದು ಹೇಳಿ ಹಿಂದಿನ ರಸ್ತೆಗೆ ಸುತ್ತಿ ಹೋದೆ. ಹಸಿರು ಬಾಗಿಲು. ಬೀಗ. ಪಕ್ಕದ ಜಗಲಿಯಲ್ಲಿ ಇಮಾಮ್ ಬೀ ಎಂಬ ಮುದುಕಿ ಅಕ್ಕಿ ಆರಿಸುತ್ತಿದ್ದಳು.

"ಖಾಲಿ ಮಾಡ್ಕೊಂಡ್ ಹೋದ್ರು ಬೇಟಾ, ಹತ್ತನೇ ತಾರೀಖು. ಕೆ.ಆರ್. ಪುರಂ ಕಡೆ ಎಲ್ಲೋ. ಹೋಗೋಕ್ ಮುಂಚೆ ಮೂರ್ ದಿನ ಟೆರೇಸ್ ಮೇಲೆ ನಿಂತು ಆ ಗಾಜು ತಟ್ಟಿದ್ಲು."

ಈ ಕಡೆಯಿಂದ ಸುತ್ತಿ ನಮ್ಮ ಮನೆಗೇ ಬರಬಹುದಿತ್ತಲ್ಲ ಎಂದೆ. ನಾನು ಯಾರು ಎಂದು ಆಗ ಗೊತ್ತಾಯಿತು ಆಕೆಗೆ. ಮೊರ ಕೆಳಗಿಟ್ಟಳು.

"ನಾನೂ ಅದೇ ಹೇಳ್ದೆ. 'ಮೊದಲು ಗೋಡೆ ಕಟ್ಟಿದ್ರು, ಆಮೇಲೆ ಸುಣ್ಣ ಹೊಡೆದ್ರು. ಬೇಡ ಅಂತ ಇನ್ನೂ ಹೆಂಗೆ ಹೇಳ್ತಾರೆ ಚಾಚೀ' ಅಂತ ಅತ್ಲು."

ಹಿಂದಿನ ಪುಟದಲ್ಲಿ ಕಾಗೆ ಎಂದು ಬರೆದಿದ್ದೇನೆ. ಕಾಗೆಯಲ್ಲ ಎಂದು ಆಗಲೇ ಗೊತ್ತಿತ್ತು. ಕಾಫಿ ಲೋಟ ಹಿಡಿದು ಆ ಗಾಜಿನ ಕೆಳಗೇ ನಿಂತಿದ್ದೆ, ಮೂರು ದಿನ. ಹೊರಗೆ ಬಂದು "ಅವಳು ಊರಲ್ಲಿಲ್ಲಮ್ಮ" ಎಂದಿದ್ದರೆ ಮುಗಿಯುತ್ತಿತ್ತು. ಕಿಟಕಿ ಬೇಡ ಎಂದದ್ದೂ ಬೆಳಕಿನ ಲೆಕ್ಕದಿಂದಲ್ಲ. ಆ ನಗು ನನಗೆ ಸಹಿಸಲಾಗುತ್ತಿರಲಿಲ್ಲ. ಮನೆಯೊಳಗೆ ಅವಳು ಹಾಗೆ ನಕ್ಕಿದ್ದೇ ಇಲ್ಲ.

ನಾಚಿಕೆಯಾಗುತ್ತದೆ. ವಿಮಲಾಕ್ಷಿಗೆ ಹೇಳಿಲ್ಲ.

೨೮ ಮೇ

ದೊಡ್ಡನೆಕ್ಕುಂದಿಯ ಫ್ಯಾಕ್ಟರಿ ಸೈಟಿನಿಂದ ಬರುವಾಗ ಕೆ.ಆರ್. ಪುರಂನಲ್ಲಿ ಇಳಿದೆ. ಸ್ಟೇಷನ್ ಹತ್ತಿರ, ಮಾರ್ಕೆಟ್ಟಿನಲ್ಲಿ, ನಾಲ್ಕಾರು ಜನರನ್ನು ಕೇಳಿದೆ. "ಗಂಡನ ಹೆಸರೇನು ಸಾರ್?" ಎಂದರು. ಹನ್ನೊಂದು ವರ್ಷದ ನೆರೆಯವನ ಹೆಸರು ನನಗೆ ಗೊತ್ತಿಲ್ಲ. ಬಸ್ ಹತ್ತಿ ಮನೆಗೆ ಬಂದೆ.

"ಅಕಿ ಅವ್ವನ ಮನಿಗೆ ಹೋಗಿರಬೇಕ್ರಿ. ಬರ್ತಾಳ," ಎಂದಳು ವಿಮಲಾಕ್ಷಿ, ನಾನು ಕೇಳದೆಯೇ. ಹೂಂ ಎಂದೆ.

೧ ಜೂನ್, ಭಾನುವಾರ

ಮೊದಲು ಗಾಜು ಕೆರೆದು ಸ್ವಚ್ಛ ಮಾಡುವುದು, ಆಮೇಲೆ ಕೂರಿಸಿಕೊಂಡು ಎಲ್ಲ ಹೇಳುವುದು ಎಂದು ನಿಶ್ಚಯಿಸಿದ್ದೆ. ಅವಳು ಸ್ನಾನಕ್ಕೆ ಹೋದಾಗ, ಹೇಳದೆ, ಏಣಿ ಹತ್ತಿದೆ. ಅಂಟು ಬಿಡಲೊಲ್ಲದು. ಕರಣೆಯ ತುದಿಯಿಂದ ಕುಟ್ಟಿ ಕುಟ್ಟಿ ಎಬ್ಬಿಸಬೇಕು. ಸ್ವಲ್ಪ ಹೊತ್ತಿಗೆ ಕೆಳಗೆ ರೊಟ್ಟಿಯ ಸದ್ದು ಶುರುವಾಯಿತು. ನಾನು ಕುಟ್ಟಿದೆ. ಕೆಳಗಿನ ಸದ್ದು ತಟ್ಟನೆ ನಿಂತಿತು.

ಅಂಗೈಯಗಲ ಸುಣ್ಣ ಎದ್ದುಬಂತು. ಒರೆಸಿ, ಬಗ್ಗಿ ನೋಡಿದೆ. ವಿಮಲಾಕ್ಷಿ ಮುಖ ಮೇಲೆತ್ತಿ ನಿಂತಿದ್ದಳು. ರೊಟ್ಟಿಯನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದಿದ್ದಳು. ಬಾಯ್ತುಂಬ ನಗುತ್ತಿದ್ದಳು. ಆಮೇಲೆ, ಮೇಲಿರುವುದು ನಾನು ಎಂದು—