ಡೆಲ್ಫಿನ್‌ಗೆ ತೊಡಿಸಿದ ಕೆಂಪು ಟೋಪಿ

ತಕೀಲೆ ದ್ವೀಪ,
ಜೂನ್ ಹನ್ನೆರಡು

ಪ್ರೀತಿಯ ಸಿಲ್ವಾನೊ ಅಣ್ಣಾ,

ಕಾಲಿನ ನೋವು ಹೇಗಿದೆ? ಪುನೋದಲ್ಲಿ ಚಿಕ್ಕಮ್ಮ ಹೊತ್ತಿಗೆ ಸರಿಯಾಗಿ ಸೂಪು ಕೊಡುತ್ತಾಳೋ, ಬರೀ ಬೈಗುಳವೋ? ಕೋಲು ಬಿಟ್ಟು ನಡೆಯುವ ಸಾಹಸ ಮಾಡಬೇಡ. ಅಮ್ಮನ ಕೆಮ್ಮು ಇಳಿದಿದೆ. ಆಲೂಗಡ್ಡೆ ಅಗೆದು ಮುಗಿಯಿತು.

ಇನ್ನು ಕುಳಿತುಕೊಂಡು ಓದು. ನನ್ನ ಮದುವೆ ಮುರಿಯಿತು, ಮುರಿದವಳು ನಾನೇ. ಡೆಲ್ಫಿನ್‌ಗೆ ಅರೆಕಿಪಾದಲ್ಲಿ ಹೆಂಡತಿಯಿದ್ದಾಳೆ, ಹೆಣ್ಣು ಮಗುವೂ ಇದೆ. ಅಂಥವನು ಮದುವೆಯಾಗದ ಹುಡುಗರ ಟೋಪಿ, ಕೆಳಗೆ ಕೆಂಪು ಮೇಲೆ ಬಿಳಿ, ತೊಟ್ಟುಕೊಂಡು ನಮ್ಮ ಅಂಗಳದಲ್ಲಿ ಓಡಾಡಿದ. ಅವನೇ ಹೆಣೆದ ಆ ಟೋಪಿಗೆ ಅಪ್ಪ ನೀರು ತುಂಬಿಸಿ ಎತ್ತಿ ಹಿಡಿದಾಗ ಒಂದು ಹನಿಯೂ ಸೋರಲಿಲ್ಲ. "ಕೈ ಗಟ್ಟಿಯಿದೆ ಕಣೋ, ಮಗಳನ್ನ ಕೊಡಬಹುದು" ಎಂದು ನಿನ್ನ ಬೆನ್ನು ತಟ್ಟಿದ್ದರಲ್ಲ!

ನಾನು ಅಳಲಿಲ್ಲ. ಮದುವೆಯಾದವರು ಹಾಕುವ ಪೂರ್ತಿ ಕೆಂಪಿನ ಟೋಪಿಯೊಂದನ್ನು ಹೆಣೆದುಕೊಡಿ ಎಂದು ಅಪ್ಪನನ್ನು ಕೇಳಿದೆ. ಹೆಣಿಗೆ ಗಂಡಸರ ಕೆಲಸ, ಚಿತ್ತಾರ ಮಾತ್ರ ನನ್ನದು: ಎಂದಿನ ಜೋಡಿ ಹಕ್ಕಿಗಳ ಜಾಗದಲ್ಲಿ ಒಬ್ಬ ಗಂಡಸು, ಅವನಿಗೆ ಬೆನ್ನು ಹಾಕಿ ನಿಂತ ಇಬ್ಬರು ಹೆಂಗಸರು, ಒಬ್ಬಳ ಬೆನ್ನಿಗೆ ಮಗು. ಅಪ್ಪ ಹಲ್ಲು ಕಚ್ಚಿಕೊಂಡೇ ಹೆಣೆದರು.

ಭಾನುವಾರ ಇಗರ್ಜಿಯಲ್ಲಿ ಪೂಜೆ ಮುಗಿದು ಊರೆಲ್ಲ ಚೌಕದಲ್ಲಿ ಸೇರಿದ್ದಾಗ ಅವನ ಟೋಪಿ ಕಿತ್ತು, ಇದನ್ನು ಕಿವಿ ಮುಚ್ಚುವ ಹಾಗೆ ಎಳೆದು ತೊಡಿಸಿದೆ. "ಏನಪ್ಪಾ ಯಜಮಾನ, ನಿನ್ನ ಟೋಪಿ ಮರೆತು ಬಂದಿದ್ದೀಯಲ್ಲ! ಹೆಂಡತಿ ಮಗು ಚೆನ್ನಾಗಿದ್ದಾರಾ?" ಎಂದೆ. ಕೀಳಲು ಕೈಯೆತ್ತಿದ. ಊರ ಹಿರಿಯ ಎಪಿಫಾನಿಯೊ ತಾತ, "ತೆಗೀಬೇಡ್ವೋ. ಅದರಲ್ಲಿ ಏನಿದೆ ಅಂತ ಓದೋಕೆ ನಮಗೆಲ್ಲ ಬರತ್ತೆ. ಬೇಡ ಅಂದ್ರೆ ದ್ವೀಪ ಬಿಟ್ಟು ನಡಿ" ಎಂದ. ಹೆಂಗಸರ ನಗು ಸರೋವರದ ಆಚೆ ದಡಕ್ಕೂ ಕೇಳಿಸಿರಬೇಕು. ಅವನು ಅದನ್ನೇ ತೊಟ್ಟು ಮೆಟ್ಟಿಲಿಳಿದು ಹೋದ. ಪಾದ್ರಿಗಳು ಕ್ಷಮಿಸು ಎನ್ನುತ್ತಾರೆ. ನನಗಂತೂ ಎಷ್ಟೋ ದಿನದ ಮೇಲೆ ಊಟ ಸೇರಿತು.

ಚಿಕ್ಕಮ್ಮನನ್ನು ಕೇಳಿದೆನೆಂದು ಹೇಳು. ದೇವರೂ ಭೂತಾಯಿಯೂ ನಿನ್ನ ಕಾಲನ್ನು ಬೇಗ ನೆಟ್ಟಗೆ ಮಾಡಲಿ.

ನಿನ್ನ ತಂಗಿ,
ನತಿವಿದಾದ್

ಮುಖ್ಯವಾದದ್ದೇ ಉಳಿಯಿತು: ಇದೆಲ್ಲ ತಿಳಿದದ್ದು ಅವನ ಹೆಂಡತಿ ಸಬೀನಾಳಿಂದಲೇ. ಗಂಡನನ್ನು ಹುಡುಕಿಕೊಂಡು ಬಂದವಳು ದೋಣಿಯಿಳಿದು ನನ್ನನ್ನೇ ದಾರಿ ಕೇಳಿದಳು. ಅಂದಿನಿಂದ ನಮ್ಮಲ್ಲೇ ಇದ್ದಾಳೆ; ಅವನಿಗೆ ಸುಳಿವಿರಲಿಲ್ಲ. ನಿನ್ನೆ ಅವನು ಬಾಗಿಲಿಗೆ ಬಂದು "ಅವಳನ್ನ ಬಿಟ್ಟುಬಿಡ್ತೀನಿ, ಅವಳ್ಯಾವ ಲೆಕ್ಕ" ಎಂದು ಗೋಗರೆದ. ಒಳಗಿನಿಂದ ಕೇಳಿಸಿಕೊಂಡ ಸಬೀನಾ ಮಗುವನ್ನೆತ್ತಿಕೊಂಡು ಬಂದು ಅವನೆದುರು ನಿಂತಳು. ಅವನ ಮುಖಕ್ಕೇ ಬಾಗಿಲು ಹಾಕಿದಳು. ಶನಿವಾರ ತಾಯಿ ಮಗು ಪುನೋಗೆ ಬರುತ್ತಾರೆ. ಚಿಕ್ಕಮ್ಮನ ಮನೆಯಲ್ಲಿ ಅವರಿಗೆ ಜಾಗ ಮಾಡು. ಅವನಿಗೆ ಮಾತ್ರ ಯಾವ ದೋಣಿಯಲ್ಲೂ ಜಾಗವಿಲ್ಲ. ಆ ಟೋಪಿ ತೊಟ್ಟುಕೊಂಡು ಇಲ್ಲೇ ಇರಲಿ ಎಂದು ಅಪ್ಪ ದೋಣಿಯವರಿಗೆಲ್ಲ ಹೇಳಿಟ್ಟಿದ್ದಾರೆ.