ಮಾಬುನ್ನಿಯ ಹೆಸರಿನ ಮೇಣದಬತ್ತಿ

ಕೌಲ್ ಬಜಾರ್, ಬಳ್ಳಾರಿ
ಗುರುವಾರ, ೧೪ ನವೆಂಬರ್ ೨೦೨೪

ಪ್ರೀತಿಯ ಅಮ್ಮ,

ನಿನ್ನ ಸುಮೇಧಾ ಮಾಡುವ ನಮಸ್ಕಾರ. ಸಿರುಗುಪ್ಪದಲ್ಲಿ ನೀನೂ ಅಪ್ಪನೂ ಚೆನ್ನಾಗಿದ್ದೀರೆಂದು ನಂಬಿದ್ದೇನೆ. ಫೋನಿನಲ್ಲಾದರೆ ನೀನು ನಡುವೆ "ಅಯ್ಯೋ" ಅಂದುಬಿಡುತ್ತೀ, ನನ್ನ ಬಾಯಿ ಕಟ್ಟಿಹೋಗುತ್ತದೆ. ಅದಕ್ಕೇ ಈ ಕಾಗದ. ಪೂರ್ತಿ ಓದಿ, ಆಮೇಲೆ ಬೈ.

ಮೋಕಾ ಹತ್ತಿರ ಲಾರಿ ಹೊಡೆದು ಆಟೊದಲ್ಲಿದ್ದ ಮೂವರು ತೀರಿಹೋದದ್ದು ನಿನಗೆ ಗೊತ್ತು. ಆಟೊ ಓಡಿಸುತ್ತಿದ್ದ ವೀರೇಶ್, ರೋಸಮ್ಮ ಟೀಚರ್, ನಮ್ಮ ಪಕ್ಕದ ಮನೆಯ ಮಾಬುನ್ನಿ. ಮೂವರೂ ನಮ್ಮ ಓಣಿಯವರೇ. ಮಾಬುನ್ನಿ ನನಗೆ ಬರೀ ಪಕ್ಕದ ಮನೆಯವಳು ಎಂದು ನೀನು ತಿಳಿದಿದ್ದೀ. ಅಲ್ಲ ಅಮ್ಮ.

ಬಾಣಂತನದಲ್ಲಿ ಜ್ವರ ಬಂದು ನನಗೆ ಹಾಲು ಬತ್ತಿತ್ತಲ್ಲ, ಆಗ ನೀನು ಸೊಂಟದ ಆಪರೇಷನ್ ಆಗಿ ಮಲಗಿದ್ದೆ. ಪ್ರಣವ ಡಬ್ಬಿ ಹಾಲು ಬಾಯಿಗಿಟ್ಟರೆ ಉಗುಳುತ್ತಿದ್ದ. ಅತ್ತೆ ಪ್ರವಚನಕ್ಕೆಂದು ಮಠಕ್ಕೆ ಹೋದ ಮಧ್ಯಾಹ್ನಗಳಲ್ಲಿ ಮಾಬುನ್ನಿ ತನ್ನ ಮಗಳನ್ನು ಒಂದು ಮಗ್ಗುಲಿಗೆ, ಇವನನ್ನು ಇನ್ನೊಂದು ಮಗ್ಗುಲಿಗೆ ಹಾಕಿಕೊಂಡು ಕುಡಿಸಿದಳು. ನಾನು ಎಲ್ಲರಿಗೂ ಡಬ್ಬಿ ಹಾಲೇ ಮೈಗೆ ಹಿಡಿಯಿತು ಎಂದೆ.

ಅವಳ ಅತ್ತೆ ಖಾಜಾಬೀ ಒಂದು ದಿನ, "ನಮ್ಮಾಗ ಹಾಲು ಕುಡಿಸಿದಾಕಿನೂ ತಾಯಿನೇ. ಇನ್ನ ಇವ್ರು ಅಣ್ಣ ತಂಗಿ ಆದ್ರು, ಮುಂದ ಲಗ್ನ ಗಿಗ್ನ ಅಂದ್ರ ನಡಿಯಂಗಿಲ್ಲ ನೋಡು" ಅಂದರು. ಮಾಬುನ್ನಿ, "ಈ ಬೋಳ್ತಲಿಗೆ ಯಾರ್ ಹೆಣ್ಣು ಕೊಡ್ತಾರ ಬಿಡಮ್ಮೀ!" ಎಂದು ನಕ್ಕಿದ್ದಳು.

ನಿನ್ನೆ ಸಂಜೆ ಚರ್ಚಿನ ಅಂಗಳದಲ್ಲಿ ಮೂವರಿಗೂ ಸೇರಿಸಿ ಪ್ರಾರ್ಥನೆ ಇಟ್ಟಿದ್ದರು. ನಾನೂ ಅತ್ತೆಯೂ ಮಗುವನ್ನೆತ್ತಿಕೊಂಡು ಹಿಂದೆ ನಿಂತಿದ್ದೆವು. ತೀರಿಹೋದವರ ಮಕ್ಕಳು ಮೊದಲು ಮೇಣದಬತ್ತಿ ಹಚ್ಚುವುದು, ಅದರಿಂದ ಉಳಿದವರೆಲ್ಲ ಹಚ್ಚಿಕೊಳ್ಳುವುದು. ವೀರೇಶನ ಮಗಳು ಹಚ್ಚಿದಳು. ರೋಸಮ್ಮ ಟೀಚರ ಮಗ ಹಚ್ಚಿದ. ಮಾಬುನ್ನಿಯ ಕೂಸನ್ನು ತವರಿನವರು ಕುರುಗೋಡಿಗೆ ಒಯ್ದಿದ್ದಾರೆ. ಅವಳ ಹೆಸರಿನದು ಹಾಗೇ ಉಳಿಯಿತು. ಪಾದ್ರಿಗಳು ಖಾಜಾಬೀಗೆ, ನೀವೇ ಹಚ್ಚಿರಿ ಎಂದರು. ಆಕೆ ತಲೆಯಾಡಿಸಿ, ಜನರ ನಡುವೆ ನನ್ನನ್ನು ಹುಡುಕಿ ಕೂಗಿದರು: "ಸುಮೇಧಾ, ಪ್ರಣವನ್ನ ಎತ್ಕೊಂಡ್ ಬಾ ಬೇಟಾ. ಆಕಿ ಮಗ ಇಲ್ಲೇ ಅದಾನ."

ಇಡೀ ಓಣಿ ತಿರುಗಿ ನೋಡಿತು. ಮುದುಕಿ ದುಃಖದಲ್ಲಿ ಏನೋ ಅಂದಳು ಎಂದು ನಾನು ನಿಂತಲ್ಲೇ ನಿಂತಿದ್ದರೆ ಮುಗಿಯುತ್ತಿತ್ತು. ಆಗಲಿಲ್ಲ ಅಮ್ಮ, ಹೋದೆ. ಅವನ ಮುಷ್ಟಿಯನ್ನು ನನ್ನ ಕೈಯೊಳಗೆ ಹಿಡಿದು ಹಚ್ಚಿಸಿದೆ. ಉರಿ ಕಂಡು ಅವನು ಕೇಕೆ ಹಾಕಿದ. ಅಲ್ಲಿಯವರೆಗೆ ಅಳದಿದ್ದ ಖಾಜಾಬೀ ಆಗ ಅತ್ತರು. ಪಾದ್ರಿಗಳು ಪ್ರಾರ್ಥಿಸಿದರು, ಮೌಲಾನಾ ದುವಾ ಮಾಡಿದರು, ವೀರೇಶನ ಕಡೆಯ ಸ್ವಾಮಿಗಳು ಮಂತ್ರ ಹೇಳಿದರು. ನಾನು ತಿರುಗಿ ಅತ್ತೆಯ ಮುಖ ನೋಡಲಿಲ್ಲ.

ಮನೆಗೆ ಬಂದ ಮೇಲೆ ಅತ್ತೆ, "ಖರೇ ಏನು?" ಎಂದರು. "ಖರೇರಿ" ಅಂದೆ. ಅಷ್ಟೇ. ಆಗಿನಿಂದ ಅವರು ಮಗುವನ್ನು ಎತ್ತಿಕೊಂಡಿಲ್ಲ. ನನ್ನ ಮೇಲೆ ಸಿಟ್ಟಾಗಲಿ, ತಡೆದುಕೊಳ್ಳುತ್ತೇನೆ. ಅವನನ್ನು ಮುಟ್ಟದೇ ಹೋದರೆ? ನೀನೂ ಹಾಗೇ ಮಾಡುತ್ತೀಯಾ?

ನಿದ್ದೆ ಹತ್ತುವುದಿಲ್ಲ. ಮೊದಲು ಗೋಡೆಯಾಚೆ ಆ ಕೂಸು ಅತ್ತರೆ ಎಚ್ಚರವಾಗುತ್ತಿತ್ತು. ಈಗ ಅಳು ಕೇಳಿಸದೆ ಎಚ್ಚರವಾಗುತ್ತದೆ.

ಏನಾದರೂ ಬರೆ. ಬೈದಾದರೂ ಬರೆ.

ನಿನ್ನ
ಸುಮೇಧಾ

ತಾ.ಕ.: ಲಕೋಟೆ ಅಂಟಿಸುವ ಹೊತ್ತಿಗೆ ಇದನ್ನು ಸೇರಿಸುತ್ತಿದ್ದೇನೆ. ಭಾನುವಾರದ ಅನ್ನಪ್ರಾಶನಕ್ಕೆ ನೀವು ಹೊರಡಬೇಡಿ. ಅತ್ತೆ ಈಗಷ್ಟೇ ಆಚಾರ್ಯರಿಗೆ ಫೋನ್ ಮಾಡಿ ಮುಂದಕ್ಕೆ ಹಾಕಿಸಿದರು. ಪಡಸಾಲೆಯಿಂದ ಕೇಳಿಸಿತು: "ಕೂಸಿಗೆ ಹಾಲು ಕುಡಿಸಿದಾಕಿ ಹೋಗ್ಯಾಳ, ಆಚಾರ್ರೇ. ಸೂತಕ ಬರ್ತದೋ ಇಲ್ಲೋ, ನೀವು ಶಾಸ್ತ್ರ ತೆಗೀಬ್ಯಾಡ್ರಿ. ನಾವು ಹಿಡೀತೀವಿ." ಇಣುಕಿ ನೋಡಿದೆ. ಪ್ರಣವ ಅವರ ತೊಡೆಯ ಮೇಲಿದ್ದ.