ಸಾಹುಕಾರನ ಒದ್ದೆ ಗದ್ದ

ಭಾನುವಾರ, ಸಂಜೆ ನಾಲ್ಕು ಗಂಟೆ
ಕೆಲಸದ ಕೋಣೆಯಿಂದ

ಪ್ರೀತಿಯ ಪುಟ್ಟೀ,

ಕವರಿನ ಮೇಲೆ ನನ್ನ ಅಕ್ಷರ ಕಂಡು ಗಾಬರಿಯಾಗಬೇಡ. ಅಮ್ಮ ಚೆನ್ನಾಗಿದ್ದಾಳೆ, ನಾನೂ ಚೆನ್ನಾಗಿದ್ದೇನೆ. ಸಾಹುಕಾರನೂ ಈಗ ಚೆನ್ನಾಗಿದ್ದಾನೆ. ಆ ‘ಈಗ’ ಅನ್ನುವುದಕ್ಕಾಗಿಯೇ ಈ ಪತ್ರ. ನಿನ್ನ ಪರೀಕ್ಷೆ ಮುಗಿಯುವ ತನಕ ತುಟಿ ಬಿಚ್ಚಕೂಡದೆಂದು ಅಮ್ಮನ ಕಟ್ಟಪ್ಪಣೆಯಾಗಿತ್ತು. ನಿನ್ನೆ ಮುಗಿಯಿತಲ್ಲ. ಫೋನಿನಲ್ಲಿ ಹೇಳೋಣವೆಂದರೆ ನಿನ್ನ ದನಿ ಕೇಳಿದ ಕೂಡಲೇ ‘ತಗೋ, ಅಮ್ಮನ ಹತ್ರ ಮಾತಾಡು’ ಎಂದು ದಾಟಿಸಿಬಿಡುತ್ತೇನೆ. ನೀನು ಹೋದ ನಾಲ್ಕು ತಿಂಗಳಿಂದ ಇದೇ ಕತೆ.

ಮೂರು ವಾರದ ಹಿಂದೆ ಸಾಹುಕಾರ ಜೊಲ್ಲು ಸುರಿಸತೊಡಗಿದ. ಹಾಸ್ಟೆಲಿನಲ್ಲಿ ಪ್ರಾಣಿ ಸಾಕುವಂತಿಲ್ಲವೆಂದು ನೀನು ನನ್ನ ವಶಕ್ಕೆ ಬಿಟ್ಟುಹೋದ ಇಲಿ ಜಾತಿಯ ಪುಟ್ಟ ಜೀವ ಅದು. ಹ್ಯಾಮ್‌ಸ್ಟರ್ ಅನ್ನಲು ನನ್ನ ನಾಲಿಗೆ ತಿರುಗುವುದಿಲ್ಲ. ಕಾಳನ್ನೆಲ್ಲ ಎರಡು ಕೆನ್ನೆಗೆ ತುಂಬಿಕೊಂಡು ಓಡಾಡುವವನಿಗೆ ನೀನಿಟ್ಟ ಹೆಸರೇ ಸರಿಯಾಗಿದೆ.

ನಿಜ ಹೇಳುತ್ತೇನೆ, ಮೊದಲು ನನಗೆ ಖುಷಿಯೇ ಆಯಿತು. ಗದ್ದದ ಕೆಳಗಿನ ರೋಮ ಒದ್ದೆಯಾಗಿ ಮುದ್ದೆ ಮುದ್ದೆಯಾಗಿ ಅಂಟಿಕೊಂಡಿತ್ತು. ತಟ್ಟೆ ಇಟ್ಟರೆ ಓಡಿ ಬರುವನು, ಮೂಸುವನು, ಸುಮ್ಮನೆ ಎದುರಿಗೆ ಕೂರುವನು. ‘ನೋಡೇ, ನಾನು ಕಲಸಿಕೊಟ್ಟಿದ್ದಕ್ಕೆ ಹೇಗೆ ಬಾಯಲ್ಲಿ ನೀರೂರ್ತಿದೆ ಇವನಿಗೆ’ ಎಂದು ಅಮ್ಮನ ಮುಂದೆ ಜಂಬ ಕೊಚ್ಚಿಕೊಂಡೆ. ಅಮ್ಮ ಮೂಗು ಮುರಿದಳು. ‘ನೀರೂರಿದ್ರೆ ತಿನ್ಬೇಕಲ್ವಾ? ತಟ್ಟೆ ಇಟ್ಟ ಹಾಗೇ ಇದೆ’ ಅಂದಳು. ಇಪ್ಪತ್ತೆಂಟು ವರ್ಷದ ಸಂಸಾರದಲ್ಲಿ ಅವಳ ಅಂದಾಜು ತಪ್ಪಿದ್ದು ಎರಡೇ ಸಲವಂತೆ. ಒಂದು, ನನ್ನನ್ನು ಒಪ್ಪಿಕೊಂಡದ್ದು. ಎರಡನೆಯದು ಯಾವುದೆಂದು ಇನ್ನೂ ಹೇಳಿಲ್ಲ.

ಆಗ ನಿನ್ನ ನೀಲಿ ರಟ್ಟಿನ ಪುಸ್ತಕ ತೆಗೆದೆ. ಹೊರಡುವ ದಿನ ನೀನು ಅದನ್ನು ಗೂಡಿನ ಮೇಲೆ ಇಟ್ಟು ಹೋಗಿದ್ದೆ. ಕೋಪಕ್ಕೆ ನಾನು ಮುಟ್ಟಿರಲಿಲ್ಲ. ಈ ಕೋಣೆಯಲ್ಲಿ ನನ್ನ ಪಕ್ಕದಲ್ಲಿ ಕೂತು ಹಲ್ಲಿನ ಸೆಟ್ ಕಟ್ಟುವ ಕೆಲಸ ಕಲಿತವಳು ಪ್ರಾಣಿಗಳ ಆಸ್ಪತ್ರೆಯ ಓದಿಗೆ ಹೊರಟಾಗ, ‘ಮನುಷ್ಯರ ಹಲ್ಲು ಬಿಟ್ಟು ಇಲಿ ಹಲ್ಲು ಎಣಿಸೋಕೆ ಹೋಗ್ತೀಯಾ’ ಎಂದಿದ್ದೆನಲ್ಲ. ನೀನು ತಟ್ಟೆ ಬಿಟ್ಟು ಎದ್ದದ್ದು ನನ್ನ ಕಣ್ಣ ಮುಂದೆಯೇ ಇದೆ.

ಪುಟ್ಟೀ, ಆ ಪುಸ್ತಕಕ್ಕೆ ಏನೆನ್ನಲಿ! ಭಾನುವಾರ ಭಾನುವಾರ ತಪ್ಪದೆ ತೂಕ, ಅದೂ ನಾನು ಮೇಣ ತೂಗುವ ತಕ್ಕಡಿಯಲ್ಲಿ. ಒಂದೂವರೆ ವರ್ಷ ನನಗೆ ಸುಳಿವೇ ಇರಲಿಲ್ಲ. ತಕ್ಕಡಿಯ ಮೇಲೆ ಸಿಗುತ್ತಿದ್ದ ಕಂದು ರೋಮಕ್ಕೆ ಪಾಪ, ಪಕ್ಕದ ಮನೆಯ ಬೆಕ್ಕನ್ನು ಬೈದುಕೊಂಡಿದ್ದೆ. ಎದುರಿನಿಂದ ಹೇಗೆ, ಪಕ್ಕದಿಂದ ಹೇಗೆ ಎಂದು ಹಲ್ಲಿನ ಚಿತ್ರ ಬೇರೆ. ‘ಹಲ್ಲು ಹಳದಿಯಿದ್ದರೆ ಗಾಬರಿ ಬೇಡ, ಇವರಿಗೆ ಅದೇ ಆರೋಗ್ಯ’ ಎಂದು ಬರೆದದ್ದು ನೋಡಿ ನಾಚಿಕೆಯಾಯಿತು. ಆ ಹಳದಿಯನ್ನು ಹೇಗೆ ತೊಳೆಯುವುದೆಂದು ನಾನು ಒಂದು ವಾರ ತಲೆ ಕೆಡಿಸಿಕೊಂಡಿದ್ದೆ.

‘ಗದ್ದ ಒದ್ದೆಯಿದ್ದರೆ’ ಎಂಬ ಪುಟ ನನಗೆ ಬಾಯಿಪಾಠವಾಗಿದೆ. ‘ಇವನು ಸುಮ್ಮನೆ ಜೊಲ್ಲು ಸುರಿಸುವವನಲ್ಲ. ಸೆಕೆಗೆ ಸುಸ್ತಾಗಿರಬಹುದು, ಮೈ ಮುಟ್ಟಿ ನೋಡಿ. ಕೆನ್ನೆಯ ಚೀಲದಲ್ಲಿ ಏನಾದರೂ ಸಿಕ್ಕಿ ಹುಣ್ಣಾಗಿರಬಹುದು, ಒಂದು ಕಡೆ ಊದಿದೆಯೇ ನೋಡಿ. ಹಲ್ಲು ಉದ್ದವಾಗಿರಬಹುದು, ಇವನ ಮುಂದಿನ ಹಲ್ಲು ಇರುವ ತನಕ ಬೆಳೆಯುತ್ತಲೇ ಇರುತ್ತದೆ. ಅಪ್ಪ ಹೇಳುವ ಹಾಗೆ, ಬಾಯಿ ತೆರೆಸುವ ಮೊದಲು ಮುಚ್ಚಿದ ಬಾಯಿ ನೋಡಬೇಕು. ಏನೇ ಇದ್ದರೂ ಅದೇ ದಿನ ಡಾಕ್ಟರ ಹತ್ತಿರ ಹೋಗಿ.’

‘ಅಪ್ಪ ಹೇಳುವ ಹಾಗೆ’ ಅನ್ನುವ ಸಾಲಿನ ಮೇಲೆ ಬೆರಳಿಟ್ಟು ಮತ್ತೆ ಮತ್ತೆ ಓದಿದೆ. ಮೊದಲ ದಿನ ನಿನ್ನ ಕೈಗೆ ಹಲ್ಲಿನ ಅಚ್ಚು ಕೊಟ್ಟಾಗ ನಾನು ಹೇಳಿದ ಮಾತದು. ನನ್ನ ಕಸುಬನ್ನು ನೀನು ಬಿಟ್ಟು ಹೋದೆಯೆಂದು ನಾನು ಮುಖ ಊದಿಸಿಕೊಂಡಿದ್ದರೆ, ನೀನು ಅದನ್ನು ಜೊತೆಗೇ ಕಟ್ಟಿಕೊಂಡು ಹೋಗಿದ್ದೀಯೆ.

ನೀನು ಬರೆದ ಹಾಗೆಯೇ ಮುಚ್ಚಿದ ಬಾಯಿ ನೋಡಿದೆ. ಅದು ಮುಚ್ಚಿರಲೇ ಇಲ್ಲ. ಮೇಲಿನ ಹಲ್ಲು ಒಂದು ಕಡೆ, ಕೆಳಗಿನದು ಇನ್ನೊಂದು ಕಡೆ. ತೂಗಿದೆ. ನೀನು ಹೋಗುವಾಗ ನೂರ ನಲವತ್ತಾರು ಗ್ರಾಂ ಇದ್ದವನು ನೂರ ಹತ್ತೊಂಬತ್ತಕ್ಕೆ ಇಳಿದಿದ್ದ. ಇವನು ಹೋದರೆ ನಿನಗೆ ಮುಖ ತೋರಿಸುವುದು ಹೇಗೆ? ಮೊದಲೇ ಮಾತು ಬಿಟ್ಟಿದ್ದೆವು, ಇನ್ನು ಮಗಳೇ ಕೈಬಿಟ್ಟು ಹೋದಂತೆ ಎಂದುಕೊಂಡು ಗೂಡನ್ನು ಎದೆಗೊತ್ತಿಕೊಂಡು ಬಸ್ಸು ಹತ್ತಿದೆ. ಅಮ್ಮ ಪಕ್ಕದಲ್ಲಿ ಕೂತು ಟವೆಲಿನಿಂದ ಗೂಡಿಗೆ ಗಾಳಿ ತಡೆಯುತ್ತಿದ್ದಳು.

ಪ್ರಾಣಿಗಳ ಡಾಕ್ಟರಮ್ಮ ಅವನನ್ನು ಸಣ್ಣ ಬಟ್ಟೆಯಲ್ಲಿ ಸುತ್ತಿ, ದೀಪ ಹಿಡಿದು ನೋಡಿದರು. ಕೆಳಗಿನ ಎರಡು ಹಲ್ಲು ಬಾಗಿ ಬೆಳೆದು ಅಂಗುಳನ್ನು ಚುಚ್ಚುತ್ತಿದ್ದವು. ಬಾಯಿ ಮುಚ್ಚಲಾಗದೆ ಜೊಲ್ಲು ಸೋರುತ್ತಿತ್ತು. ಹಸಿವಾಗಿ ಓಡಿ ಬರುತ್ತಿದ್ದ, ನೋವಿಗೆ ತಿನ್ನಲಾಗುತ್ತಿರಲಿಲ್ಲ. ಅದನ್ನೇ ನಾನು ನನ್ನ ಕೈರುಚಿ ಅಂದುಕೊಂಡಿದ್ದೆ.

‘ಏನ್ ತಿನ್ನಿಸ್ತಿದ್ರಿ?’ ಎಂದು ಕೇಳಿದರು. ಹೇಳಿದೆ. ಹೊಸ ಸೆಟ್ ಹಾಕಿಸಿಕೊಂಡವರಿಗೆ ನಾನು ಏನು ಹೇಳುತ್ತೇನೆಂದು ನಿನಗೆ ಗೊತ್ತಲ್ಲ, ಸ್ವಲ್ಪ ದಿನ ಮೆತ್ತಗಿನದೇ ತಿನ್ನಿ, ಗಟ್ಟಿಯಾದದ್ದನ್ನು ಕಡಿಯಬೇಡಿ. ಆ ಉಪಚಾರವನ್ನೇ ಇವನಿಗೂ ಮಾಡಿದ್ದೆ. ಕಾಳು ನೆನೆಸಿ, ಸಿಪ್ಪೆ ಬಿಡಿಸಿ, ಕ್ಯಾರೆಟ್ ಬೇಯಿಸಿ, ಚಮಚದ ಹಿಂಬದಿಯಲ್ಲಿ ಅರೆದು ಕೊಡುತ್ತಿದ್ದೆ. ಮೂವತ್ತೊಂದು ವರ್ಷ ಊರಿನ ಬೊಚ್ಚು ಬಾಯಿಗಳಿಗೆಲ್ಲ ಹಲ್ಲು ಕಟ್ಟಿದವನು, ಹಲ್ಲಿದ್ದವನಿಗೆ ಕಡಲೆ ಕೊಡದೆ ಹೋದೆ. ‘ಕಡಿಯೋಕೆ ಮರದ ತುಂಡು ಇಟ್ಟಿರ್ಲಿಲ್ವಾ?’ ಎಂದೂ ಕೇಳಿದರು. ಇತ್ತು, ಎಲ್ಲೋ ಬಿದ್ದುಹೋಗಿರಬೇಕು ಎಂದೆ.

ಹಲ್ಲು ತೇಯಲು ಅವರು ತೆಗೆದದ್ದು ನಾನು ದಿನವೂ ತಿರುಗಿಸುವಂಥ ಪುಟ್ಟ ಯಂತ್ರವನ್ನೇ. ಅಕ್ಕಿಕಾಳಿನಷ್ಟು ಹಲ್ಲು, ಒಳಗೆ ಮಿಸುಕಾಡುವ ನಾಲಿಗೆ, ಕೈಯಲ್ಲಿ ಜೀವ. ನನ್ನ ಮೇಜಿನ ಮೇಲಿನ ಅಚ್ಚಿನ ಬಾಯಿ ಅಲುಗುವುದಿಲ್ಲ, ಹೆದರುವುದಿಲ್ಲ. ನೀನು ಕಲಿಯಲು ಹೋಗಿರುವುದು ನನ್ನ ಕೆಲಸಕ್ಕಿಂತ ಕಷ್ಟದ್ದು ಪುಟ್ಟೀ, ಒಪ್ಪಿಕೊಂಡೆ. ನಿಂತು ನೋಡಲಾಗದೆ ನಾನು ಗೋಡೆಗೆ ಮುಖ ಮಾಡಿದೆ. ಅಮ್ಮ ಮಾತ್ರ ಕಣ್ಣು ಮಿಟುಕಿಸದೆ ನೋಡಿದಳು.

ಕೆಲಸ ಮುಗಿಸಿ ಡಾಕ್ಟರಮ್ಮ ನಿನ್ನ ಪುಸ್ತಕವನ್ನು ನಿಂತೇ ಓದಿದರು, ಒಂದೊಂದೇ ಪುಟ. ಹೊರಗೆ ಒಂದು ನಾಯಿ, ಎರಡು ಬೆಕ್ಕು ಕಾಯುತ್ತಿದ್ದವು. ‘ಇನ್ನೊಂದು ವಾರ ತಡ ಮಾಡಿದ್ರೆ ಉಳೀತಿರ್ಲಿಲ್ಲ. ಯಾರು ಬರೆದಿದ್ದು ಇದು?’ ಅಂದರು. ನನ್ನ ಮಗಳು, ನಿಮ್ಮ ಕೆಲಸವನ್ನೇ ಕಲಿಯುತ್ತಿದ್ದಾಳೆ ಎಂದೆ. ‘ರಜಕ್ಕೆ ಬಂದಾಗ ಇಲ್ಲಿಗೆ ಕಳಿಸಿ, ನನಗೆ ಇಂಥ ಕಣ್ಣು ಬೇಕು’ ಅಂದರು. ಬಸ್ಸಿನಲ್ಲಿ ಕಂಡಕ್ಟರಿಗೂ ಇದನ್ನು ಹೇಳಿದೆನಂತೆ. ಅಮ್ಮ ನಗುತ್ತಾಳೆ.

ಇವತ್ತು ಬೆಳಿಗ್ಗೆ ತೂಗಿದೆ, ನೂರ ಮೂವತ್ತೆಂಟು. ನಿನ್ನ ಪಟ್ಟಿಯ ಕೆಳಗೆ ನನ್ನ ಸೊಟ್ಟ ಅಕ್ಷರದಲ್ಲಿ ಬರೆದಿದ್ದೇನೆ, ಬೈಯಬೇಡ. ಗದ್ದ ಒಣಗಿದೆ. ನಾನು ಅಂದು ಆಡಿದ ಮಾತನ್ನು ಹಿಂದಕ್ಕೆ ತೆಗೆದುಕೊಂಡಿದ್ದೇನೆ. ಇಲಿಯ ಹಲ್ಲೇ ಎಣಿಸು, ಆನೆಯದೂ ಎಣಿಸು. ನಿನ್ನಂಥವಳಿಗೆ ಅಪ್ಪನಾದದ್ದು ನನ್ನ ಪುಣ್ಯ.

ಇಂತಿ,
ನಿನ್ನಿಂದ ಪಾಠ ಹೇಳಿಸಿಕೊಂಡ
ಅಪ್ಪ

ತಾ.ಕ.: ಬರೆಯುವುದು ಮರೆತಿತ್ತು ಅನ್ನಲು ಹೊರಟೆ. ಮರೆತಿರಲಿಲ್ಲ. ಆ ಮರದ ತುಂಡು ಎಲ್ಲೂ ಬಿದ್ದುಹೋಗಿರಲಿಲ್ಲ. ನೀನು ಹೋದ ಮೂರನೆಯ ದಿನ ನಾನೇ ತೆಗೆದು ಮೇಜಿನ ಖಾನೆಗೆ ಹಾಕಿದ್ದೆ. ಸಂಜೆ ಐದಾದರೆ ಸಾಹುಕಾರ ಎದ್ದು ಅದನ್ನು ಕರಕರ ಕಡಿಯುತ್ತಿದ್ದ. ನೀನು ಪಕ್ಕದ ಸ್ಟೂಲಿನಲ್ಲಿ ಕೂತು ಅರದಿಂದ ಸೆಟ್ಟಿನ ಅಂಚು ಉಜ್ಜುವಾಗ ಇದೇ ಸದ್ದು ಬರುತ್ತಿತ್ತು. ಪ್ರತಿ ಸಲವೂ ತಿರುಗಿ ನೋಡುತ್ತಿದ್ದೆ. ತಡೆದುಕೊಳ್ಳಲಾಗಲಿಲ್ಲ. ಡಾಕ್ಟರಮ್ಮನಿಗೆ ಹೇಳಲಿಲ್ಲ, ಅಮ್ಮನಿಗೂ ಗೊತ್ತಿಲ್ಲ. ಈಗ ತುಂಡನ್ನು ಗೂಡಿಗೆ ಹಾಕಿದ್ದೇನೆ. ಐದು ಗಂಟೆಯಾಯಿತು, ಶುರು ಮಾಡಿದ್ದಾನೆ. ಗೂಡನ್ನು ನಿನ್ನ ಸ್ಟೂಲಿನ ಮೇಲೆಯೇ ಇಟ್ಟುಕೊಂಡಿದ್ದೇನೆ. ನೀನು ಬಂದಾಗ ಅವನನ್ನು ಎಬ್ಬಿಸಿ ಕೂತುಕೋ.